ನಾಣ್ಯದ ಮೇಲಿನ ಇಸವಿ: 1500ಕ್ಕೆ ಮುಂಚಿನ ಯುರೋಪಿನ ನಾಣ್ಯಗಳನ್ನು ಓದುವುದು, ಕೂಡಿಡುವುದು

ವಿದೇಶಿ ಹರಾಜು ಸಂಸ್ಥೆಗಳ ಪಟ್ಟಿಗಳೆಲ್ಲ ಜಾಲಕ್ಕೆ ಬಂದ ಮೇಲೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತವರ ಫೋನಿಗೂ ‘ಡಬಲ್ ಬ್ರಿಕೆ, 1474, ಬೆಳ್ಳಿ’ ಎಂಬಂಥ ಸಾಲುಗಳು ಬರುತ್ತಿವೆ. ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಗಳಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಇಂಥ ನಾಣ್ಯ ಊರಿನ ನಾಣ್ಯಮೇಳದ ಮೇಜಿನ ಮೇಲೇ ಕಾಣಸಿಗುತ್ತದೆ. ಐನೂರೈವತ್ತು ವರ್ಷ ಹಳೆಯದು, ಮೇಲೆ ಇಸವಿಯೂ ಇದೆ ಎಂದಾಗ ಕೊಳ್ಳುವ ಆಸೆ ಸಹಜ. ಆದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ 1474 ಎಂಬ ಸಂಖ್ಯೆ ಎಲ್ಲೂ ಕಾಣುವುದಿಲ್ಲ. ಒಂದು ಗೀಟು, ಒಂದು ಕುಣಿಕೆ, ಗುಡಾರದ ಆಕಾರದ ಒಂದು ಗುರುತು, ಮತ್ತೊಂದು ಕುಣಿಕೆ ಕಾಣುತ್ತವೆ. ಆ ನಾಲ್ಕು ಗುರುತುಗಳೇ 1474.

ಈ ಹವ್ಯಾಸದ ಮುಖ್ಯ ಕೆಲಸ ಅಲ್ಲಿಂದಲೇ ಶುರು. ಮಧ್ಯಯುಗದ ನಾಣ್ಯದ ಮೇಲಿನ ಇಸವಿಯನ್ನು ನೋಡಿದ ಕೂಡಲೇ ನಂಬುವಂತಿಲ್ಲ. ಅದು ಯಾವ ಶಕೆಯದು, ಯಾವ ಅಂಕೆಗಳಲ್ಲಿದೆ, ಆ ಊರಿನಲ್ಲಿ ವರ್ಷ ಯಾವಾಗ ಶುರುವಾಗುತ್ತಿತ್ತು ಎಂಬ ಮೂರನ್ನೂ ವಿಚಾರಿಸಿ ಓದಬೇಕು.

ಯಾವ ನಾಣ್ಯಗಳು ಈ ಗುಂಪಿಗೆ ಸೇರುತ್ತವೆ

ಸಂಗ್ರಾಹಕರ ನಡುವೆ ಒಪ್ಪಿತವಾದ ಗಡಿ ಇಷ್ಟು: ಯುರೋಪಿನಲ್ಲಿ ಅಚ್ಚಾಗಿರಬೇಕು, ಕ್ರಿಸ್ತಶಕದ ವರ್ಷ ನಾಣ್ಯದ ಮೇಲೆಯೇ ಇರಬೇಕು, ಆ ವರ್ಷ 1500 ಅಥವಾ ಅದಕ್ಕಿಂತ ಹಿಂದಿನದಾಗಿರಬೇಕು. ರಾಜನ ಆಳ್ವಿಕೆಯ ಕಾಲದಿಂದ ಊಹಿಸಿದ ವರ್ಷ ಇಲ್ಲಿ ಲೆಕ್ಕಕ್ಕಿಲ್ಲ. ರಾಬರ್ಟ್ ಲೆವಿನ್ಸನ್ 2007ರಲ್ಲಿ ಹೊರತಂದ ಸೂಚಿ 1234ರಿಂದ 1500ರವರೆಗಿನ ಇಂಥ ನಾಣ್ಯಗಳನ್ನು ಪಟ್ಟಿ ಮಾಡುತ್ತದೆ. ಹರಾಜಿನ ವಿವರಣೆಯಲ್ಲಿ ‘ಲೆವಿನ್ಸನ್’ ಎಂಬ ಹೆಸರಿನ ಮುಂದೆ ಒಂದು ಸಂಖ್ಯೆ ಕಂಡರೆ ಅದು ಈ ಸೂಚಿಯ ಕ್ರಮಸಂಖ್ಯೆ.

1500ರ ಗಡಿ ಅನುಕೂಲಕ್ಕೆ ಹಾಕಿಕೊಂಡದ್ದೇ ಹೌದು, ಆದರೆ ಅದಕ್ಕೆ ಅರ್ಥವಿದೆ. ನಾಣ್ಯಕ್ಕೆ ವರ್ಷ ಹಾಕುವುದು ಯುರೋಪಿನ ದೊಡ್ಡ ರಾಜ್ಯಗಳಲ್ಲಿ ರೂಢಿಯಾದದ್ದು ಹದಿನಾರನೇ ಶತಮಾನದಲ್ಲಿ. ಸ್ಕಾಟ್ಲೆಂಡಿನಲ್ಲಿ 1539ರ ಚಿನ್ನದ ಡಕಟ್ ಮೊದಲನೆಯದು. ಇಂಗ್ಲೆಂಡಿನಲ್ಲಿ ಆರನೇ ಎಡ್ವರ್ಡನ 1548ರ ಶಿಲ್ಲಿಂಗ್ ಮೇಲೆ ರೋಮನ್ ಅಂಕಿಗಳಲ್ಲಿ ವರ್ಷ ಬಂತು, ನಾವೀಗ ಬಳಸುವ ಅಂಕೆಗಳು ಬಂದದ್ದು 1551ರಲ್ಲಿ. ಫ್ರಾನ್ಸಿನಲ್ಲಿ ಎರಡನೇ ಹೆನ್ರಿ 1549ರಲ್ಲಿ ಇದನ್ನು ನಿಯಮ ಮಾಡಿದ. ಹೀಗಾಗಿ 1500ಕ್ಕೆ ಮುಂಚೆ ಇಸವಿ ಹಾಕಿದ ಟಂಕಸಾಲೆಗಳು ಬಹುಮಟ್ಟಿಗೆ ಚಿಕ್ಕ ನಗರಗಳು, ಬಿಷಪ್ಪರು, ಡ್ಯೂಕರು. ದೊಡ್ಡ ರಾಜರು ಈ ವಿಷಯದಲ್ಲಿ ಹಿಂದೆ ಬಿದ್ದಿದ್ದರು.

ಅಲ್ಲಿಯವರೆಗೆ ವರ್ಷ ಏಕೆ ಹಾಕಲಿಲ್ಲ

ನಾಣ್ಯದ ಮೇಲೆ ವರ್ಷ ಹಾಕುವುದು ಜಗತ್ತಿಗೆ ಹೊಸದೇನಾಗಿರಲಿಲ್ಲ. ಗುಜರಾತ್, ಮಾಳವ ಭಾಗಗಳನ್ನಾಳಿದ ಪಶ್ಚಿಮ ಕ್ಷತ್ರಪರು ಬೆಳ್ಳಿ ನಾಣ್ಯಗಳ ಮೇಲೆ ರಾಜನ ತಲೆಯ ಹಿಂದೆ ಶಕವರ್ಷವನ್ನು ಅಂಕೆಗಳಲ್ಲಿ ಹಾಕುತ್ತಿದ್ದರು. ಇಸ್ಲಾಮಿ ನಾಣ್ಯಗಳಲ್ಲಿ ಏಳನೇ ಶತಮಾನದ ಕೊನೆಯಿಂದಲೇ ಹಿಜರಿ ವರ್ಷ ರೂಢಿಯಲ್ಲಿತ್ತು. ನಮ್ಮ ನೆಲದಲ್ಲಿಯೂ ಎರಡೂ ಬಗೆ ಒಟ್ಟಿಗಿದ್ದವು: ಕಲಬುರಗಿ, ಬೀದರಿನ ಬಹಮನಿ ಸುಲ್ತಾನರ ಟಂಕಗಳಲ್ಲಿ ಹಿಜರಿ ವರ್ಷವಿದೆ, ಅದೇ ಕಾಲದ ವಿಜಯನಗರದ ವರಾಹಗಳಲ್ಲಿ ವರ್ಷವಿಲ್ಲ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನೆಲ್ಲ ಕೆತ್ತಿಸಿದ ಅರಸರೇ ನಾಣ್ಯದ ಮೇಲೆ ಹೆಸರು ಮತ್ತು ದೇವರ ಚಿತ್ರಕ್ಕೆ ತೃಪ್ತರಾಗಿದ್ದರು.

ಯುರೋಪಿನ ಸ್ಥಿತಿಯೂ ಹಾಗೆಯೇ. ದಾನಪತ್ರಗಳಿಗೆ ತೇದಿ ಇತ್ತು, ನಾಣ್ಯಕ್ಕೆ ಇರಲಿಲ್ಲ. ನಾಣ್ಯದ ಬೆಲೆ ಅದರ ಲೋಹದಲ್ಲಿತ್ತು. ಅದನ್ನು ಯಾರ ಹೆಸರಿನಲ್ಲಿ ಹೊರಡಿಸಲಾಗಿದೆ ಎಂದು ತಿಳಿದರೆ ವ್ಯಾಪಾರಿಗೆ ಸಾಕಿತ್ತು. ಯಾವ ಕಂತಿನ ನಾಣ್ಯದಲ್ಲಿ ಬೆಳ್ಳಿ ಕಡಿಮೆಯಾಯಿತು, ಹೊಣೆ ಯಾರದು ಎಂದು ಟಂಕಸಾಲೆಯ ಮೇಲ್ವಿಚಾರಕರು ಪತ್ತೆ ಹಚ್ಚಬೇಕಾದಾಗ ಒಂದು ಚುಕ್ಕೆ, ನಕ್ಷತ್ರ ಅಥವಾ ಹೂವಿನ ಗುಟ್ಟಿನ ಗುರುತು ಆ ಕೆಲಸ ಮಾಡುತ್ತಿತ್ತು. ಹಳೆಯ ಕ್ರಮದ ನಾಣ್ಯಕ್ಕೂ ಹೊಸ ಕ್ರಮದ ನಾಣ್ಯಕ್ಕೂ ಬೆಲೆ ಬೇರೆಯಾದಾಗ ಮಾತ್ರ ವರ್ಷ ಜನರಿಗೂ ಉಪಯೋಗಕ್ಕೆ ಬರುತ್ತದೆ. ಬರ್ಗಂಡಿಯ ಡ್ಯೂಕರ ನಾಡಿನಲ್ಲಿ, ಅಂದರೆ ಇಂದಿನ ಬೆಲ್ಜಿಯಂ–ನೆದರ್ಲೆಂಡ್ಸ್ ಪ್ರದೇಶದಲ್ಲಿ, ಹದಿನೈದನೇ ಶತಮಾನದ ಕೊನೆಗೆ ಇದೇ ನಡೆಯಿತು. ಅದನ್ನು ಮುಂದೆ ನೋಡೋಣ.

ಕ್ರಿಸ್ತಶಕವಲ್ಲದ ವರ್ಷಗಳು

1234ಕ್ಕಿಂತ ಹಿಂದಿನ ಕೆಲವು ಯುರೋಪಿಯನ್ ನಾಣ್ಯಗಳ ಮೇಲೂ ವರ್ಷವಿದೆ. ಆದರೆ ಶಕೆ ಬೇರೆ. ಮೊದಲ ಬಾರಿ ಕೊಳ್ಳುವವರು ಎಡವುವುದು ಇಲ್ಲಿ.

ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ಎಂಟನೇ ಅಲ್ಫಾನ್ಸೋ ಟೊಲೆಡೊದಲ್ಲಿ ಹೊರಡಿಸಿದ ಚಿನ್ನದ ಮೊರಾಬೆಟಿನೊ ಇದಕ್ಕೆ ಅತ್ಯಂತ ಸುಂದರ ಉದಾಹರಣೆ. ಅವನ ಪ್ರಜೆಗಳು ಮುಸ್ಲಿಂ ಅರಸರ ದಿನಾರುಗಳಿಗೆ ಒಗ್ಗಿಹೋಗಿದ್ದರಿಂದ ಕ್ರೈಸ್ತ ರಾಜನ ಈ ನಾಣ್ಯದ ಬರಹವೆಲ್ಲ ಅರಬ್ಬಿಯಲ್ಲಿದೆ. ಪೋಪ್ ಅದರಲ್ಲಿ ಕ್ರೈಸ್ತ ಧರ್ಮಸಭೆಯ ‘ಇಮಾಮ’. ಮೇಲೊಂದು ಶಿಲುಬೆ, ಕೆಳಗೆ ಲ್ಯಾಟಿನ್ ಲಿಪಿಯಲ್ಲಿ ‘ಆಲ್ಫ್’ ಎಂಬ ಮೂರೇ ಅಕ್ಷರ. ವರ್ಷವನ್ನು ಅರಬ್ಬಿ ಪದಗಳಲ್ಲಿ ಬರೆದಿದೆ, ಆದರೆ ಅದು ಹಿಜರಿಯೂ ಅಲ್ಲ, ಕ್ರಿಸ್ತಶಕವೂ ಅಲ್ಲ. ಅದು ಸ್ಪೇನಿನ ಶಕೆ, 38 ಕಳೆದರೆ ಕ್ರಿಸ್ತಶಕ ಸಿಗುತ್ತದೆ. ನಾಣ್ಯದಲ್ಲಿ 1222 ಎಂದಿದ್ದರೆ ಅದು ಕ್ರಿ.ಶ. 1184ರದು.

ಸಿಸಿಲಿಯ ಎರಡನೇ ರೋಜರ್ 1140ರಲ್ಲಿ ಹೊರಡಿಸಿದ, ಬಟ್ಟಲಿನಂತೆ ತಗ್ಗಾದ ಬೆಳ್ಳಿಯ ಡಕಟ್ ಮೇಲೆ ಇರುವುದು ಆಳ್ವಿಕೆಯ ವರ್ಷ, ‘ಹತ್ತನೆಯದು’. ಅವನು 1130ರ ಕ್ರಿಸ್‌ಮಸ್ ದಿನ ಪಟ್ಟಕ್ಕೆ ಬಂದದ್ದರಿಂದ ಲೆಕ್ಕ 1140ಕ್ಕೆ ಕೂಡುತ್ತದೆ. ಪ್ಯಾಲೆಸ್ಟೈನಿನ ಆಕ್ರೆಯಲ್ಲಿ ಕ್ರುಸೇಡಿನ ಕ್ರೈಸ್ತರು ಅರಬ್ಬಿ ಬರಹದಲ್ಲೇ ಮುಸ್ಲಿಂ ನಾಣ್ಯಗಳ ನಕಲು ಹೊಡೆಯುತ್ತಿದ್ದರು. ಪೋಪರ ಪ್ರತಿನಿಧಿ ಆಕ್ಷೇಪಿಸಿದ ಮೇಲೆ 1251ರ ದಿರ್ಹಮುಗಳಲ್ಲಿ ಬರಹ ಕ್ರೈಸ್ತ ಪ್ರಾರ್ಥನೆಯಾಯಿತು, ವರ್ಷ ಕ್ರಿಸ್ತಶಕದ್ದಾಯಿತು. ಲಿಪಿ ಮಾತ್ರ ಅರಬ್ಬಿಯಾಗಿಯೇ ಉಳಿಯಿತು. ಯುರೋಪಿನಲ್ಲಿ ಅಚ್ಚಾಗದ ಕಾರಣ ಇದು ನಮ್ಮ ಪಟ್ಟಿಯ ಹೊರಗಿದ್ದರೂ ಅನೇಕರು ಪಕ್ಕದಲ್ಲಿ ಒಂದನ್ನು ಇಟ್ಟುಕೊಳ್ಳುತ್ತಾರೆ.

ಮೂರು ಮೈಲಿಗಲ್ಲುಗಳು: 1234, 1372, 1424

ಯುರೋಪಿನಲ್ಲಿ ಕ್ರಿಸ್ತಶಕದ ವರ್ಷ ಹೊತ್ತ ಮೊದಲ ನಾಣ್ಯ ಡೆನ್ಮಾರ್ಕಿನದು. ರೋಸ್ಕಿಲ್ಡೆಯ ಬಿಷಪ್ ನೀಲ್ಸ್ ಸ್ಟಿಗ್ಸನ್ ಹೊರಡಿಸಿದ ಪುಟ್ಟ ಪೆನ್ನಿಯ ಮೇಲೆ 1234 ಎಂದು ರೋಮನ್ ಅಂಕಿಗಳಲ್ಲಿದೆ. ಉಳಿದಿರುವುದು ಕೆಲವೇ. ಸಾಮಾನ್ಯ ಸಂಗ್ರಾಹಕರು ಅದನ್ನು ಕೊಳ್ಳುವ ಮಾತಿಲ್ಲ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಅಲ್ಲಿಂದ ಎದ್ದು ಬರುವುದು ಲೇಸು.

ಆ ಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಮೌನ. 1372ರಲ್ಲಿ ಜರ್ಮನಿಯ ಆಖೆನ್ ನಗರ ತನ್ನ ಬೆಳ್ಳಿಯ ಗ್ರೋಷನ್ ಮೇಲೆ ವರ್ಷ ಹಾಕಿತು, ಮತ್ತೆ ರೋಮನ್ ಅಂಕಿಗಳಲ್ಲೇ. ಆಖೆನ್ ಶಾರ್ಲ್‌ಮೇನ್ ಚಕ್ರವರ್ತಿಯ ಸಮಾಧಿಯಿರುವ ಊರು, ಜರ್ಮನ್ ರಾಜರ ಪಟ್ಟಾಭಿಷೇಕದ ಊರು. ನಾಣ್ಯದ ಮೇಲೂ ಆ ಚಕ್ರವರ್ತಿಯದೇ ಚಿತ್ರ. ಹದಿನೈದನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಆಖೆನ್ ಪದೇ ಪದೇ ಇಸವಿಯುಳ್ಳ ನಾಣ್ಯ ಹೊರಡಿಸಿದ್ದರಿಂದ, 1450ಕ್ಕೂ ಹಿಂದಿನ ಒಂದು ನಾಣ್ಯ ಬೇಕೆನ್ನುವವರಿಗೆ ಹುಡುಕಲು ತಕ್ಕ ಜಾಗ ಇದು.

ಮೂರನೆಯ ಮೈಲಿಗಲ್ಲು ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್. ಅಲ್ಲಿಯ 1424ರ ಪ್ಲಪಾರ್ಟ್ ಎಂಬ ಬೆಳ್ಳಿ ನಾಣ್ಯದ ಮೇಲೆ ಕ್ರಿಸ್ತಶಕದ ವರ್ಷ ಮೊದಲ ಬಾರಿಗೆ ಸ್ಥಾನಬೆಲೆಯ ಅಂಕೆಗಳಲ್ಲಿ ಬಂತು. ಒಂದು ಬದಿ ಊರಿನ ಲಾಂಛನವಾದ ಕರಡಿ, ಇನ್ನೊಂದು ಬದಿ ಸಂತ ಗಾಲಸ್. ಭಾರತದಲ್ಲಿ ಹುಟ್ಟಿ, ಅರಬ್ಬರ ಮೂಲಕ ಯುರೋಪು ಸೇರಿದ ಅಂಕೆಗಳು ಅವು. ವ್ಯಾಪಾರಿಗಳ ಲೆಕ್ಕದ ಪುಸ್ತಕಗಳಿಂದ ನಾಣ್ಯದ ಮೇಲೆ ಏರಲು ಅವಕ್ಕೆ ಬಹಳ ಕಾಲ ಹಿಡಿಯಿತು.

ಅಂಕೆಗಳನ್ನು ಓದುವುದು

ಹದಿನೈದನೇ ಶತಮಾನದ 0, 1, 2, 3, 6, 8, 9 ಹೆಚ್ಚು ಕಡಿಮೆ ಇಂದಿನಂತೆಯೇ ಇವೆ. ತೊಂದರೆ ಕೊಡುವವು 4, 5 ಮತ್ತು 7. ಈ ಅಂಕೆಗಳಲ್ಲಿರುವ ವರ್ಷಗಳು 1500 ಒಂದನ್ನು ಬಿಟ್ಟು ಎಲ್ಲ 14ರಿಂದಲೇ ಶುರುವಾಗುವುದರಿಂದ 4ನ್ನು ಮೊದಲು ಕಲಿಯಬೇಕು.

ಅಂದಿನ 4ರಲ್ಲಿ ಮೇಲೊಂದು ಕುಣಿಕೆ, ಕೆಳಗೆ ಚಾಚಿದ ಎರಡು ಕಾಲು. ಕನ್ನಡದ ೪ನ್ನು ತಲೆಕೆಳಗು ಮಾಡಿ ನೋಡಿ, ಹೆಚ್ಚು ಕಡಿಮೆ ಅದೇ ಆಕಾರ. ಪಾಶ್ಚಾತ್ಯ ಓದುಗರಿಗೆ ‘ಅರ್ಧ ಎಂಟು’ ಎಂದು ಹೇಳಿಕೊಡುತ್ತಾರೆ, ಕನ್ನಡಿಗರಿಗೆ ಅದು ಬೇಕಿಲ್ಲ. ಕುಣಿಕೆಯ ಕಾಲುಗಳು ಸವೆದುಹೋದರೆ ಅದು 0 ಅಥವಾ 9ರಂತೆ ಕಾಣುತ್ತದೆ. ಕಾಲುಗಳ ನಡುವೆ ಕೊಳೆ ತುಂಬಿಕೊಂಡರೆ 8 ಆಗಿಬಿಡುತ್ತದೆ. 1484 ಮತ್ತು 1488 ಅದಲುಬದಲಾಗುವುದಕ್ಕೆ ಇದೇ ಕಾರಣ.

ಅಂದಿನ 7 ಗುಡಾರದ ಆಕಾರದ್ದು, ಎರಡು ಗೀಟು ಮೇಲೆ ಕೂಡುತ್ತವೆ. ಒಂದು ಗೀಟು ಸವೆದರೆ ಉಳಿದದ್ದು 1ರಂತೆ ಕಾಣುತ್ತದೆ. ಲ್ಯಾಟಿನ್ ಬರಹದ ಎ ಅಕ್ಷರವನ್ನೂ ಅಡ್ಡಗೀಟಿಲ್ಲದೆ ಹೀಗೆಯೇ ಕೆತ್ತುತ್ತಿದ್ದುದರಿಂದ ಬರಹ ಎಲ್ಲಿ ಮುಗಿಯಿತು, ವರ್ಷ ಎಲ್ಲಿ ಶುರುವಾಯಿತು ಎಂಬುದೂ ಗೊಂದಲ. ಅರಬ್ಬಿ, ಉರ್ದು ಅಂಕೆಗಳನ್ನು ಬಲ್ಲವರು ಇನ್ನೂ ಎಚ್ಚರವಾಗಿರಬೇಕು, ಅಲ್ಲಿ ಅದೇ ಗುರುತು 8. 5ಕ್ಕೆ ಒಂದೇ ನೆಲೆಯಾದ ರೂಪವಿರಲಿಲ್ಲ. ಕೆಲವೆಡೆ ಅದು ಕೊಕ್ಕೆಯಂತೆ ಬಾಗಿ ಇಂದಿನ 7 ಅಥವಾ 9 ಎಂಬ ಭ್ರಮೆ ಹುಟ್ಟಿಸುತ್ತದೆ. ಶತಮಾನದ ಕೊನೆಗೆ ಇಂದಿನ ರೂಪಗಳು ಒಂದೊಂದಾಗಿ ಬರತೊಡಗಿದವು. ಹೊಸ ಮತ್ತು ಹಳೆಯ ರೂಪಗಳು ಕೆಲವು ಕಾಲ ಜೊತೆಯಲ್ಲೇ ನಡೆದವು. ಆದ್ದರಿಂದ ಅಂಕೆಯ ಆಕಾರ ಹಳೆಯದಾಗಿದೆ ಎಂಬ ಒಂದೇ ಕಾರಣಕ್ಕೆ ನಾಣ್ಯವನ್ನು ಮೊದಲಿನದೆಂದು ತೀರ್ಮಾನಿಸಬಾರದು.

ರೋಮನ್ ಅಂಕಿಗಳಲ್ಲಿ ತೊಡಕು ಬೇರೆ ಬಗೆಯದು. ನಾಲ್ಕನ್ನು ಐ ಮತ್ತು ವಿ ಕೂಡಿಸಿ ಬರೆಯದೆ ನಾಲ್ಕು ಐ ಹಾಕುವುದೇ ಹೆಚ್ಚು, ನಾನೂರಕ್ಕೂ ನಾಲ್ಕು ಸಿ. ಸಾವಿರದ ಎಂ ಗುಂಡಗಿನ ಬಳ್ಳಿಯ ಅಕ್ಷರವಾಗಿರಬಹುದು, ಸಿ ಬಾಯಿ ಮುಚ್ಚಿಕೊಂಡು ಇ ಎಂದು ಕಾಣಬಹುದು. ಗೀಟುಗಳನ್ನು ಒಂದೊಂದಾಗಿ ಎಣಿಸಿ, ಅಂದಾಜು ಮಾಡಬೇಡಿ. ಜಾಗ ಸಾಲದಾದಾಗ ಕೆತ್ತುವವರು ಸಾವಿರ, ನೂರುಗಳನ್ನು ಬಿಟ್ಟು ‘96’ ಎಂದಷ್ಟೇ ಹಾಕಿದ್ದೂ ಉಂಟು.

ಓದುವ ಕ್ರಮ ಹೀಗಿರಲಿ. ನಾಣ್ಯವನ್ನು ತಿರುಗಿಸಿ, ಬರಹ ಶುರುವಾಗುವ ಜಾಗದ ಪುಟ್ಟ ಶಿಲುಬೆ ಅಥವಾ ಹೂವನ್ನು ಮೇಲಕ್ಕೆ ತನ್ನಿ. ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓದಿ. ವರ್ಷ ಹೆಚ್ಚಾಗಿ ಹಿಂಬದಿಯ ಬರಹದ ಕೊನೆಗೆ, ಅಂದರೆ ಆ ಶಿಲುಬೆಯ ಎಡಗಡೆಗೆ ಬರುತ್ತದೆ. ಅದಕ್ಕೆ ಮುಂಚೆ ‘ಆನ್ನೋ’ (ಲ್ಯಾಟಿನ್ನಿನಲ್ಲಿ ‘ವರ್ಷದಲ್ಲಿ’) ಅಥವಾ ಅದರ ಚುಟುಕು ರೂಪ ‘ಆನ್’ ಇದೆಯೇ ನೋಡಿ. ಮುಂಬದಿಯಲ್ಲಿ ಅರಸನ ಹೆಸರು ಓದಿ ಅವನ ಆಳ್ವಿಕೆಯ ವರ್ಷಗಳನ್ನು ಬರೆದುಕೊಳ್ಳಿ. ನೀವು ಓದಿದ ವರ್ಷ ಅದರೊಳಗೆ ಬೀಳದಿದ್ದರೆ ಓದು ತಪ್ಪಿದೆ ಎಂದೇ ಮೊದಲು ಎಣಿಸಿ. ಸೂಚಿಯಲ್ಲಿಲ್ಲದ ವರ್ಷ ಸಿಕ್ಕಿತೆಂದು ಹಿಗ್ಗಿದವರಲ್ಲಿ ಬಹುಪಾಲು ಜನ ಸವೆದ 4ನ್ನೋ 7ನ್ನೋ ತಪ್ಪಾಗಿ ಓದಿರುತ್ತಾರೆ.

ವರ್ಷ ಶುರುವಾಗುವುದು ಯಾವಾಗ

ಅಂಕೆ ಸರಿಯಾಗಿ ಓದಿದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ನಮ್ಮಲ್ಲಿ ಕ್ಯಾಲೆಂಡರಿನ ವರ್ಷ ಜನವರಿಗೆ, ಪಂಚಾಂಗದ್ದು ಯುಗಾದಿಗೆ, ಲೆಕ್ಕಪತ್ರದ್ದು ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಫೆಬ್ರವರಿಯ ಬಿಲ್ಲು ಹಿಂದಿನ ಆರ್ಥಿಕ ವರ್ಷಕ್ಕೇ ಸೇರುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಕ್ರಿಸ್ತಶಕದ ವರ್ಷವೂ ಊರಿಗೊಂದು ದಿನ ಬದಲಾಗುತ್ತಿತ್ತು. ಜರ್ಮನಿಯ ಬಹಳ ಕಡೆ ಕ್ರಿಸ್‌ಮಸ್‌ಗೆ, ಫ್ಲಾರೆನ್ಸಿನಲ್ಲಿ ಮಾರ್ಚ್ 25ಕ್ಕೆ, ವೆನಿಸ್ಸಿನಲ್ಲಿ ಮಾರ್ಚ್ 1ಕ್ಕೆ, ಫ್ಲಾಂಡರ್ಸ್ ಮತ್ತು ಬ್ರಬಾಂಟುಗಳಲ್ಲಿ ಈಸ್ಟರಿಗೆ. ಈಸ್ಟರ್ ಪ್ರತಿ ವರ್ಷ ಬೇರೆ ತೇದಿಗೆ ಬರುವ ಹಬ್ಬವಾದ್ದರಿಂದ ಅಲ್ಲಿ ವರ್ಷದ ಉದ್ದವೂ ಒಂದೇ ಸಮನಾಗಿರಲಿಲ್ಲ.

ಬರ್ಗಂಡಿಯ ಡ್ಯೂಕ್ ಧೀರ ಚಾರ್ಲ್ಸ್ ನಾನ್ಸಿಯ ಯುದ್ಧದಲ್ಲಿ ಸತ್ತದ್ದು 1477ರ ಜನವರಿ 5ರಂದು. ಆ ವರ್ಷ ಈಸ್ಟರ್ ಏಪ್ರಿಲ್ 6ಕ್ಕೆ ಬಂತು. ಈಸ್ಟರ್ ಲೆಕ್ಕದಲ್ಲಿ ಅವನು ಸತ್ತದ್ದು 1476ರಲ್ಲೇ, ಮಗಳು ಮೇರಿಯ ಆಳ್ವಿಕೆಯ ಮೊದಲ ಮೂರು ತಿಂಗಳೂ 1476ಕ್ಕೇ ಸೇರುತ್ತವೆ. ಅತ್ತ ಮೇರಿ ಕುದುರೆಯಿಂದ ಬಿದ್ದು ತೀರಿಕೊಂಡದ್ದು 1482ರ ಮಾರ್ಚ್ 27ರಂದು, ಆ ವರ್ಷದ ಈಸ್ಟರ್ ಏಪ್ರಿಲ್ 7. ಅಂದರೆ ಸ್ಥಳೀಯ ಲೆಕ್ಕದಲ್ಲಿ ಅವಳು 1482ನ್ನು ಕಾಣಲೇ ಇಲ್ಲ. ಹೀಗಾಗಿ ಆಳ್ವಿಕೆಯ ಅಂಚಿನ ವರ್ಷದಲ್ಲಿ ಅರಸನ ಹೆಸರೂ ಇಸವಿಯೂ ಹೊಂದದಂತೆ ಕಂಡರೆ ಕೂಡಲೇ ಖೋಟಾ ಎನ್ನಬೇಡಿ, ಈಸ್ಟರ್ ಯಾವಾಗ ಬಂತೆಂದು ಮೊದಲು ನೋಡಿ. ಇನ್ನೊಂದು ಕಾರಣವೂ ಇರಬಹುದು: ಕೆಲವು ಟಂಕಸಾಲೆಗಳಲ್ಲಿ ಹಳೆಯ ಅಚ್ಚು ಪೂರ್ತಿ ಸವೆಯುವವರೆಗೂ ಅದನ್ನೇ ಬಳಸುತ್ತಿದ್ದರು.

ಇಸವಿಯೇ ಏಕೆ ಮೊದಲು ಅಳಿಯುತ್ತದೆ

ಆ ಕಾಲದಲ್ಲಿ ಯಂತ್ರವಿರಲಿಲ್ಲ. ಕೆಳಗಿನ ಅಚ್ಚನ್ನು ಮರದ ದಿಮ್ಮಿಗೆ ನೆಟ್ಟು, ಮೇಲೆ ಬೆಳ್ಳಿಯ ಬಿಲ್ಲೆಯಿಟ್ಟು, ಅದರ ಮೇಲೆ ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ಓರೆಯಾಗಿ ಬಿದ್ದರೆ ಒಂದು ಅಂಚು ಆಳವಾಗಿ ಒತ್ತಿ, ಎದುರಿನ ಅಂಚು ಪೇಲವವಾಗುತ್ತದೆ. ಬಿಲ್ಲೆ ಅಲುಗಿದರೆ ಅಕ್ಷರಗಳು ಎರಡೆರಡಾಗುತ್ತವೆ. ಬಿಲ್ಲೆ ಅಚ್ಚಿಗಿಂತ ಚಿಕ್ಕದಾದರೆ ಹೊರಸುತ್ತಿನ ಬರಹದ ಮೇಲ್ಭಾಗ ಹೊರಗೇ ಉಳಿಯುತ್ತದೆ. ಇಸವಿ ಇರುವುದು ಆ ಹೊರಸುತ್ತಿನಲ್ಲೇ. ಜೊತೆಗೆ ಅಂಚಿನಿಂದ ಬೆಳ್ಳಿ ಕತ್ತರಿಸಿ ಕದಿಯುವವರ ಕಾಟ. ಆದ್ದರಿಂದ ಚಿತ್ರ ಚೆನ್ನಾಗಿ ಉಳಿದೂ ಇಸವಿ ಹೋದ ನಾಣ್ಯಗಳು ಬೇಕಾದಷ್ಟಿವೆ. ಈ ಸಂಗ್ರಹಕ್ಕೆ ಅವು ಉಪಯೋಗವಿಲ್ಲ. ಚಿತ್ರ ಸವೆದಿದ್ದರೂ ನಾಲ್ಕೂ ಅಂಕೆ ನಿಚ್ಚಳವಾಗಿರುವ ನಾಣ್ಯವನ್ನೇ ಆರಿಸಿ. ಬೆಲೆಯೂ ಕಡಿಮೆಯಿರುತ್ತದೆ.

ಅಚ್ಚಿನ ಅಕ್ಷರಗಳನ್ನು ಚಿಕ್ಕ ಚಿಕ್ಕ ಉಳಿಗಳಿಂದ ಒತ್ತಿ ಮೂಡಿಸುತ್ತಿದ್ದರು: ಒಂದು ನೇರ ಗೀಟಿನ ಉಳಿ, ಒಂದು ಅರ್ಧಚಂದ್ರದ ಉಳಿ, ಹೀಗೆ. ಕೆತ್ತುವವನು ಉಳಿಯನ್ನು ತಲೆಕೆಳಗಾಗಿ ಹಿಡಿದದ್ದೂ, ಅಂಕೆಗಳ ಕ್ರಮ ತಪ್ಪಿದ್ದೂ ಇದೆ. ಅಂಥವು ನಿಜವಾದ ನಾಣ್ಯಗಳೇ.

ಎಲ್ಲಿಂದ ಶುರು ಮಾಡುವುದು

ಬರ್ಗಂಡಿಯ ನೆದರ್ಲೆಂಡ್ಸಿನ ಡಬಲ್ ಬ್ರಿಕೆಯೇ ಮೊದಲ ನಾಣ್ಯವಾಗಲು ತಕ್ಕದ್ದು. 1474ರಿಂದ ಇದನ್ನು ಭಾರಿ ಸಂಖ್ಯೆಯಲ್ಲಿ ಹೊಡೆದರು, ಆದ್ದರಿಂದ ಇಂದಿಗೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಸಾಧಾರಣ ಸ್ಥಿತಿಯ ಒಂದಕ್ಕೆ ನೂರು ಯೂರೋ ಆಸುಪಾಸಿನಿಂದ ಕೆಲವು ನೂರರವರೆಗೆ ಬೆಲೆ ನಡೆಯುತ್ತದೆ. ತೂಕ ಸುಮಾರು 3 ಗ್ರಾಂ. ಮುಂಬದಿಯಲ್ಲಿ ಎದುರುಬದುರಾಗಿ ಕುಳಿತ ಎರಡು ಸಿಂಹ, ಅವುಗಳ ಮೇಲೆ ಕಿಡಿ ಹಾರಿಸುವ ಚಕಮಕಿಯ ಉಕ್ಕು. ಬ್ರಿಕೆ ಎಂದರೆ ಆ ಉಕ್ಕು, ಬರ್ಗಂಡಿಯ ಡ್ಯೂಕರ ಲಾಂಛನ. ಹಿಂಬದಿಯಲ್ಲಿ ಶಿಲುಬೆಯ ಮೇಲೆ ಗುರಾಣಿ, ಸುತ್ತಲೂ ‘ಸಾಲ್ವುಮ್ ಫಾಕ್ ಪೋಪುಲುಮ್ ತುಉಮ್ ಡೋಮಿನೆ’ ಎಂಬ ಪ್ರಾರ್ಥನೆ, ಅಂದರೆ ‘ಪ್ರಭುವೇ, ನಿನ್ನ ಜನರನ್ನು ಕಾಪಾಡು’. ಅದರ ಕೊನೆಗೆ ವರ್ಷ. ಫ್ಲಾಂಡರ್ಸ್, ಬ್ರಬಾಂಟ್, ಹಾಲೆಂಡುಗಳಲ್ಲಿ ಒಂದೇ ಮಾದರಿ. ಯಾವ ಪ್ರಾಂತದ್ದೆಂದು ತಿಳಿಯಬೇಕಾದರೆ ಮುಂಬದಿಯಲ್ಲಿ ಅರಸನ ಹೆಸರಿನ ನಂತರದ ಬಿರುದು ಓದಬೇಕು: ಬ್ರಬಾಂಟಿನಲ್ಲಿ ‘ಡ್ಯೂಕ್’, ಉಳಿದೆರಡರಲ್ಲಿ ‘ಕೌಂಟ್’, ಅದರ ಮುಂದೆ ಪ್ರಾಂತದ ಹೆಸರಿನ ಮೊದಲ ಕೆಲವು ಅಕ್ಷರ. ಈ ಪ್ರದೇಶದ ನಾಣ್ಯಗಳಿಗೆ ‘ವಾನ್ ಖೆಲ್ಡರ್–ಹೋಕ್’ ಸೂಚಿಯ ಸಂಖ್ಯೆಯನ್ನು ಹರಾಜಿನವರು ಕೊಡುತ್ತಾರೆ.

ಚಾರ್ಲ್ಸ್, ಮೇರಿ, ಆಮೇಲೆ ಮೇರಿಯ ಎಳೆಯ ಮಗ ಫಿಲಿಪ್ – ಈ ಮೂವರ ನಾಣ್ಯಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಒಂದು ರಾಜ್ಯದ ಸಂಕಟ ಕಣ್ಣಿಗೆ ಕಟ್ಟುತ್ತದೆ. ಫಿಲಿಪ್ಪನ ಪರವಾಗಿ ತಂದೆ ಮ್ಯಾಕ್ಸಿಮಿಲಿಯನ್ ಆಳುತ್ತಿದ್ದಾಗ ಫ್ಲಾಂಡರ್ಸಿನ ನಗರಗಳು ದಂಗೆ ಎದ್ದವು. 1488ರಲ್ಲಿ ಬ್ರೂಜ್ ನಗರ ಅವನನ್ನು ಸೆರೆಯಲ್ಲೇ ಇಟ್ಟಿತು. ಯುದ್ಧದ ಖರ್ಚಿಗೆ ನಾಣ್ಯದ ಬೆಳ್ಳಿ ಇಳಿಯುತ್ತ ಹೋಯಿತು. 1489ರ ಡಿಸೆಂಬರಿನಲ್ಲಿ ಕಟ್ಟುನಿಟ್ಟಾದ ಸುಧಾರಣೆ ತಂದು ಬೆಲೆಗಳನ್ನು ಮತ್ತೆ ಹಿಂದಕ್ಕೆ ತಳ್ಳಿದರು. ಸಾಲ ಕೊಟ್ಟವನಿಗೂ ಪಡೆದವನಿಗೂ ನಾಣ್ಯದ ಇಸವಿ ಆಗ ನಿಜವಾಗಿ ಲೆಕ್ಕಕ್ಕೆ ಬಂತು. ಆ ಬಿಕ್ಕಟ್ಟಿನ ನಡುವಿನ 1487, 1488ರ ಡಬಲ್ ಗ್ರಿಫನ್ ಎಂಬ ಬೆಳ್ಳಿ ನಾಣ್ಯ ಸಿಕ್ಕರೆ ಬಿಡಬೇಡಿ.

ಹಣವಿದ್ದವರ ಕಣ್ಣು ದೊಡ್ಡ ಬೆಳ್ಳಿ ನಾಣ್ಯಗಳ ಮೇಲಿರುತ್ತದೆ. ಟಿರೋಲಿನ ಆರ್ಚ್‌ಡ್ಯೂಕ್ ಸಿಗಿಸ್ಮುಂಡ್, ಶ್ವಾಟ್ಸ್ ಗಣಿಯ ಬೆಳ್ಳಿಯಿಂದ ಹಾಲ್ ಊರಿನಲ್ಲಿ 1484ರಲ್ಲಿ ಅರ್ಧ ಗುಲ್ಡಿನರ್, 1486ರಲ್ಲಿ ಪೂರ್ಣ ಗುಲ್ಡಿನರ್ ಹೊಡೆಸಿದ. ಒಂದು ಚಿನ್ನದ ಗುಲ್ಡನ್ನಿಗೆ ಸಮನಾದ, ಸುಮಾರು 32 ಗ್ರಾಂ ತೂಕದ ಬೆಳ್ಳಿ ನಾಣ್ಯ ಅದು. ಮುಂದೆ ಟಾಲರ್, ಡಾಲರ್ ಎಂದು ಹೆಸರಾದ ನಾಣ್ಯಕುಲದ ಹಿರಿಯ. ಬರ್ನ್ ನಗರದ 1493ರದು, ಸಿಯೋನಿನ ಬಿಷಪ್ಪರ 1498ರದು, ಹಂಗರಿಯ 1499ರದು ಅದೇ ಜಾಡಿನವು. ಇವೆಲ್ಲ ಹಲವು ಸಾವಿರ ಯೂರೋಗಳ ಮಾತು.

ಕೈಗೆ ಬಂದ ನಾಣ್ಯದ ಪರೀಕ್ಷೆ

0.01 ಗ್ರಾಂ ತೋರಿಸುವ ತಕ್ಕಡಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ಕ್ಯಾಲಿಪರ್, ಬಾಗುವ ಕತ್ತಿನ ಮೇಜುದೀಪ – ಇಷ್ಟಿದ್ದರೆ ಸಾಕು. ದೀಪವನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಅಂಕೆ ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಮಾರುವವರಿಂದಲೂ ಇಂಥ ಬೆಳಕಿನ ಚಿತ್ರವನ್ನೇ ಕೇಳಿ ಪಡೆಯಿರಿ.

ಎರಕದ ಖೋಟಾ ನಾಣ್ಯವನ್ನು ಮೂರು ಲಕ್ಷಣಗಳಿಂದ ಗುರುತಿಸಬಹುದು: ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಅಕ್ಷರಗಳ ಬುಡ ಚೂಪಾಗಿರದೆ ಕರಗಿದಂತಿರುವುದು, ಅಂಚಿನ ಸುತ್ತ ಎರಡು ಅಚ್ಚುಗಳು ಕೂಡಿದ ಸಣ್ಣ ಏಣು. ಸುತ್ತಿಗೆಯಿಂದ ಹೊಡೆದ ನಾಣ್ಯದಲ್ಲಿ ಲೋಹ ಅಕ್ಷರಗಳೊಳಕ್ಕೆ ಹರಿದ ಗೆರೆಗಳು ಕಾಣುತ್ತವೆ, ಅಂಚಿನಲ್ಲಿ ಬಿರುಕುಗಳಿರಬಹುದು. ಹಾಗೆಂದು ಹೊಡೆದದ್ದೆಲ್ಲ ಅಸಲಿಯೂ ಅಲ್ಲ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಸ್ವತಃ ಅಚ್ಚು ಕೆತ್ತಿ ಪ್ರಾಚೀನ ಹಾಗೂ ಮಧ್ಯಯುಗದ ನಾಣ್ಯಗಳ ನಕಲು ಹೊಡೆದು ಮಾರಿದ. 1486ರ ಗುಲ್ಡಿನರಿಗೆ ಪ್ರವಾಸಿಗರ ನೆನಪಿಗೆಂದು ಮಾಡಿದ ಆಧುನಿಕ ಪ್ರತಿಕೃತಿಗಳಿವೆ. ಪೂರ್ತಿ ದುಂಡಗಿನ ಬಿಲ್ಲೆ, ಎಲ್ಲೆಡೆ ಒಂದೇ ಸಮನಾದ ಒತ್ತು ಕಂಡರೆ ಸಂಶಯಪಡಿ.

ಇಸವಿಯನ್ನೇ ತಿದ್ದುವುದು ಇನ್ನೊಂದು ಮೋಸ. ಒಂದು ಅಂಕೆಯನ್ನು ಉಳಿಯಿಂದ ಕೊರೆದು ಬದಲಿಸಿದರೆ ಸಾಮಾನ್ಯ ನಾಣ್ಯ ಅಪರೂಪದ್ದಾಗುತ್ತದೆ. ಭೂತಗನ್ನಡಿಯಲ್ಲಿ ಆ ಅಂಕೆಯ ಸುತ್ತಲಿನ ನೆಲ ಪಕ್ಕದ ನೆಲಕ್ಕಿಂತ ತಗ್ಗಾಗಿದೆಯೇ, ಗೀರುಗಳಿವೆಯೇ, ಬಣ್ಣ ಬೇರೆಯಾಗಿದೆಯೇ ನೋಡಿ. ಒಂದೇ ಉಳಿಯಿಂದ ಬಂದ ಅಂಕೆಗಳು ಒಂದೇ ದಪ್ಪದವಾಗಿರಬೇಕು.

ನೀರಿನಲ್ಲಿ ತೂಗಿ ಸಾಂದ್ರತೆ ಅಳೆಯುವ ಪರೀಕ್ಷೆಯನ್ನು ಬಹಳ ಜನ ಹೇಳಿಕೊಡುತ್ತಾರೆ. ಅದು ದೊಡ್ಡ ನಾಣ್ಯಕ್ಕೆ ಮಾತ್ರ ನಂಬಿಕೆಯದು. 32 ಗ್ರಾಮಿನ ಗುಲ್ಡಿನರ್ ಸುಮಾರು 3.1 ಗ್ರಾಂ ನೀರನ್ನು ಪಲ್ಲಟಿಸುತ್ತದೆ, ತಕ್ಕಡಿಯ 0.01ರ ತಪ್ಪು ಅಲ್ಲಿ ಲೆಕ್ಕಕ್ಕಿಲ್ಲ. 3 ಗ್ರಾಮಿನ ಬ್ರಿಕೆ ಪಲ್ಲಟಿಸುವುದು 0.3 ಗ್ರಾಂ ಮಾತ್ರ. ಅಷ್ಟೇ ತಪ್ಪು ಇಲ್ಲಿ ಶೇ. 3ರಷ್ಟಾಗಿ ಬೆಳ್ಳಿಗೂ ತಾಮ್ರ ಬೆರೆತ ಬೆಳ್ಳಿಗೂ ವ್ಯತ್ಯಾಸವೇ ತಿಳಿಯದೆ ಹೋಗುತ್ತದೆ.

ಹಣ, ಸುಂಕ, ಕಾನೂನು

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯ ಬೆಲೆಯಲ್ಲ. 150 ಯೂರೋಗೆ ಗೆದ್ದಿರಿ ಎನ್ನಿ. ಹರಾಜು ಸಂಸ್ಥೆಯ ಶುಲ್ಕ ಶೇ. 20 ಇದ್ದರೆ 180 ಆಯಿತು. ವಿಮೆಯ ಸಮೇತ ಸಾಗಣೆ 30 ಎಂದರೆ 210. ಭಾರತಕ್ಕೆ ಬಂದ ಮೇಲೆ ಕಸ್ಟಮ್ಸ್ ಸುಂಕ ಮತ್ತು ತೆರಿಗೆ ಬೇರೆ. ದರ ಆಗಾಗ ಬದಲಾಗುವುದರಿಂದ ಕೂಗುವ ಮುನ್ನವೇ ವಿಚಾರಿಸಿಕೊಳ್ಳಿ. ಕೆಲವು ಕೊರಿಯರ್ ಕಂಪನಿಗಳು ನಾಣ್ಯಗಳನ್ನು ಒಯ್ಯುವುದೇ ಇಲ್ಲ, ಅದನ್ನೂ ಮೊದಲೇ ಕೇಳಿ. ಜರ್ಮನ್ ಪಟ್ಟಿಗಳಲ್ಲಿ ಸ್ಥಿತಿ ‘ಷೋನ್’ ಎಂದಿದ್ದರೆ ನಾಣ್ಯ ಚೆನ್ನಾಗಿ ಸವೆದಿದೆ ಎಂದು ಲೆಕ್ಕ. ಅಂಕೆ ನಿಚ್ಚಳವಾಗಿ ಬೇಕಾದರೆ ಸಾಮಾನ್ಯವಾಗಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ‘ಜೇರ್ ಷೋನ್’ ನೋಡಬೇಕು.

ಭಾರತದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಿಂದ ತರಿಸಿದ ನಾಣ್ಯವನ್ನು ವಾಪಸು ಕಳಿಸುವ ಅಥವಾ ಹೊರಗೆ ಮಾರುವ ಯೋಚನೆಯಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ವಿಚಾರಿಸದೆ ಮುಂದುವರಿಯಬೇಡಿ. ಬಿಲ್ಲು, ಹರಾಜಿನ ಪುಟದ ಪ್ರತಿ, ಹಣ ಕಟ್ಟಿದ ರಸೀದಿ, ಕಸ್ಟಮ್ಸ್ ಚೀಟಿ ನಾಲ್ಕನ್ನೂ ಎತ್ತಿಡಿ. ಯಾವ ಸಂಗ್ರಹದಿಂದ ಬಂದದ್ದೆಂದು ಹೇಳಲಾರದ, ಮಣ್ಣು ಮೆತ್ತಿದ ಹೊಸ ಪತ್ತೆಗಳಿಂದ ದೂರವಿರಿ. ಯುರೋಪಿನ ಬಹಳಷ್ಟು ದೇಶಗಳಲ್ಲಿ ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ. ಕದ್ದು ಅಗೆದ ನಾಣ್ಯ ಎಲ್ಲಿ ಸಿಕ್ಕಿತೆಂಬ ಮಾಹಿತಿಯನ್ನು ಇತಿಹಾಸ ಶಾಶ್ವತವಾಗಿ ಕಳೆದುಕೊಳ್ಳುತ್ತದೆ.

ಇಟ್ಟುಕೊಳ್ಳುವುದು

ಮನೆಯಲ್ಲಿ ಬೆಳ್ಳಿ ಪಾತ್ರೆಗೆ ಮಾಡುವಂತೆ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಈ ನಾಣ್ಯದ ಕಥೆ ಮುಗಿಯಿತು. ತೆಳುವಾದ ಅಂಕೆಗಳ ಅಂಚು ಹೋಗುತ್ತದೆ, ಶತಮಾನಗಳಿಂದ ಕೂಡಿದ ಬೂದು ಪದರ ಹೋಗುತ್ತದೆ, ಅರ್ಧಕ್ಕರ್ಧ ಬೆಲೆಯೂ ಹೋಗುತ್ತದೆ. ಅಂಚು ಹಿಡಿದೇ ಎತ್ತಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ.

ಅಗ್ಗದ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಮ್ಮುಗಳಲ್ಲಿ ಪಿವಿಸಿ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ಕೆಟ್ಟು, ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಹೀಗಾದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ ಮತ್ತು ಸುಗಂಧ ಬೆರೆತಿರುತ್ತವೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆಯಿಂದ ದೂರ, ಕಿಟಕಿ ತೆರೆದು ಕೆಲಸ ಮಾಡಿ. ಇಡಲು ಪಾಲಿಯೆಸ್ಟರ್ ಹಾಳೆಯ ಪೊಟ್ಟಣ ಒಳ್ಳೆಯದು. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುವುದರಿಂದ ಬೆಳ್ಳಿ ಕಪ್ಪಾಗುತ್ತದೆ, ಡಬ್ಬದ ಹತ್ತಿರವೂ ಅದನ್ನು ತರಬೇಡಿ. ಮಂಗಳೂರು, ಕಾರವಾರದಂಥ ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ತಾಮ್ರ ಹೆಚ್ಚು ಬೆರೆತ ನಾಣ್ಯಗಳಿಗೆ ಹಸಿರು ಹತ್ತುವುದು ಬೇಗ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಬಳಸಿ.

ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇರಲಿ. ಅರಸ, ಪ್ರಾಂತ, ಟಂಕಸಾಲೆ, ತೂಕ, ವ್ಯಾಸ, ಸೂಚಿಯ ಸಂಖ್ಯೆ, ಎಲ್ಲಿಂದ ಯಾವಾಗ ಕೊಂಡದ್ದು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಇಸವಿಯನ್ನು ಎರಡು ಸಲ ದಾಖಲಿಸಿ: ನಾಣ್ಯದ ಮೇಲೆ ಕಾಣುವ ಗುರುತುಗಳನ್ನು ಕಂಡಂತೆಯೇ ಕೈಯಲ್ಲಿ ಬಿಡಿಸಿ, ಅದರ ಕೆಳಗೆ ನೀವು ಓದಿದ ವರ್ಷ ಹಾಕಿ. ಒಂದು ಅಂಕೆ ಸಂಶಯದ್ದಾಗಿದ್ದರೆ ಅದರ ಮುಂದೆ ಪ್ರಶ್ನೆಚಿಹ್ನೆ ಇಡಿ. ಈಸ್ಟರ್ ಲೆಕ್ಕದ ಪ್ರಾಂತವಾದರೆ ಆ ವರ್ಷ ಯಾವ ತೇದಿಯಿಂದ ಯಾವ ತೇದಿಯವರೆಗೆ ನಡೆಯಿತೆಂದೂ ಸೇರಿಸಿ.